ಜೇಬಿನ ತುಂಬ ಚೀಟಿ

ಮ್ಯಾನ್‌ಹೈಮ್
೧೨ ಜನವರಿ ೨೦೦೩, ರವಿವಾರ

ಭೂಮಿಕಾನ ಅಪ್ಪಾಜಿಯವರಿಗೆ ಜಯಾಳ ನಮಸ್ಕಾರ.

ನಾನೂ ಮಗಳೂ ಕ್ಷೇಮ. ನಿಮ್ಮ ಕ್ಷೇಮ ಆಮೇಲೆ ಕೇಳುತ್ತೇನೆ, ಮೊದಲು ಕೆಲಸದ ಮಾತು. ಫೋನಿನಲ್ಲಿ ಹೇಳಿದರೆ ನೀವು “ಹೂಂ, ನೋಡೂಣು ತಗೋ” ಅನ್ನುತ್ತೀರಿ, ಅಷ್ಟರಲ್ಲಿ ಫೋನ್ ಕಾರ್ಡು ಮುಗಿಯುತ್ತದೆ. ಈಮೇಲ್ ಮಾಡೋಣವೆಂದರೆ ಲ್ಯಾಪ್‌ಟಾಪ್ ನೀವೇ ಒಯ್ದಿದ್ದೀರಿ. ನಿಮ್ಮ ಆಫೀಸಿನ ಮಲ್ಲಿಕಾರ್ಜುನ ಪ್ರತಿ ಸೋಮವಾರ ನಿಮ್ಮಲ್ಲಿಗೆ ಹೋಗುವ ಡ್ರಾಯಿಂಗುಗಳ ಪಾರ್ಸೆಲಿನಲ್ಲಿ ಈ ಕಾಗದ ಹಾಕುತ್ತೇನೆಂದಿದ್ದಾನೆ. ಐದು ದಿನಕ್ಕೆ ಮುಟ್ಟುತ್ತದಂತೆ. ಕಾಗದದಿಂದ ನುಣುಚಿಕೊಳ್ಳಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರ್ಲ್ಸ್‌ರುಹೆಯ ನೀರು ಪರೀಕ್ಷೆ ಮಾಡುವ ಲ್ಯಾಬಿನವರು ನನ್ನನ್ನು ತೆಗೆದುಕೊಂಡಿದ್ದಾರೆ. ಮಾರ್ಚ್ ಮೂರಕ್ಕೆ ಹಾಜರಾಗಬೇಕು. ಧಾರವಾಡದಲ್ಲಿ ಮೂರು ವರ್ಷ ಬೋರ್‌ವೆಲ್ ನೀರಿನ ಬಾಟಲಿ ಹಿಡಿದು ಕೂತದ್ದು ಕೊನೆಗೂ ಯಾರಿಗೋ ಬೇಕಾಯಿತು ನೋಡಿ. ಸಂದರ್ಶನದ ದಿನ ಅಲ್ಲಿಯ ಗಾಜಿನ ಸಾಮಾನು ತೊಳೆಯುವ ದ್ರಾವಣದ ವಾಸನೆ ಬಂದಾಗ ಅಳು ಬಂದುಬಿಟ್ಟಿತ್ತು.

ಈಗ ಅಡ್ಡಿ ಏನೆಂದರೆ, ಈ ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡದ್ದು ನಿಮ್ಮನ್ನು. ನಾನು ಆ ಕಾರ್ಡಿನ ಬಾಲ. ಬಾಲ ಒಂದು ವರ್ಷ ದುಡಿಯಬಾರದು ಎಂಬ ನಿಯಮವಿತ್ತು, ಆ ವರ್ಷ ಮೊನ್ನೆಗೆ ಮುಗಿಯಿತು. ಆದರೆ ನನ್ನ ವೀಸಾ ಫೆಬ್ರವರಿ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ವಿದೇಶಿಯರ ಆಫೀಸಿನಲ್ಲಿ ಫೆಬ್ರವರಿ ಇಪ್ಪತ್ತಕ್ಕೆ, ಬೆಳಿಗ್ಗೆ ಎಂಟೂ ನಲವತ್ತಕ್ಕೆ ಭೇಟಿಗೆ ಟರ್ಮಿನ್ ಕೊಟ್ಟಿದ್ದಾರೆ. ಗಂಡ ತನ್ನ ಪಾಸ್‌ಪೋರ್ಟ್ ಹಿಡಿದು ಖುದ್ದು ಬಂದು ಸಹಿ ಹಾಕಬೇಕು. ಅದು ತಪ್ಪಿದರೆ ಮುಂದಿನ ಟರ್ಮಿನ್ ಏಪ್ರಿಲ್‌ನಲ್ಲಿ. ಲ್ಯಾಬಿನವರು ಏಪ್ರಿಲ್‌ತನಕ ಕಾಯುವುದಿಲ್ಲ ಎಂದು ಸ್ಪಷ್ಟ ಹೇಳಿದ್ದಾರೆ.

ಚೀನಾದ ನಿಮ್ಮ ಕೆಲಸ ಫೆಬ್ರವರಿ ಹದಿನೈದಕ್ಕೆ ಮುಗಿಯುತ್ತದೆ ಎಂದು ಹೇಳಿ ಹೋಗಿದ್ದೀರಿ. ಬೀಜಿಂಗ್‌ನಿಂದ ವಿಮಾನದ ಟಿಕೆಟ್ ಕಂಪನಿಯವರು ಕೊಡುತ್ತಾರೆ. ಅಲ್ಲಿವರೆಗಿನ ರೈಲಿನ ಟಿಕೆಟ್ ಒಂದನ್ನು ನೀವು ತೆಗೆಯಬೇಕು. ಒಂದೇ ಒಂದು ಟಿಕೆಟ್. ಈ ವಾರವೇ ತೆಗೆದು, ತೆಗೆದೆ ಎಂದು ಬರೆಯಿರಿ.

ಜಯಾ

*

ಶಿಯೆನ್, ಚೀನಾ
೧೯ ಜನವರಿ ೨೦೦೩

ಪ್ರೀತಿಯ ಜಯಾ,

ಸುದ್ದಿ ಓದಿ ಸಂತೋಷವಾಯಿತು. ಮಾರ್ಚ್ ಮೂರು ಎಂದರೆ ಸ್ವಲ್ಪ ಅವಸರವಾಯಿತೇನೋ. ಅವ್ವನಿಗೂ ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು. ಇರಲಿ.

ಈ ವಾರವೇ ಟಿಕೆಟ್ ತೆಗೆಯಿರಿ ಎಂದು ಮ್ಯಾನ್‌ಹೈಮಿನಲ್ಲಿ ಕೂತು ಬರೆಯುವುದು ಸುಲಭ. ಇದು ಬೆಟ್ಟಗಳ ನಡುವೆ ಲಾರಿ ತಯಾರಿಸುವ ಊರು. ಇಂಗ್ಲಿಷ್ ಬಲ್ಲವರು ಊರಿಗೆ ಇಬ್ಬರು: ಒಬ್ಬಳು ನಮ್ಮ ಇಂಟರ್‌ಪ್ರಿಟರ್ ಹುಡುಗಿ ಫಾಂಗ್, ಇನ್ನೊಬ್ಬರು ಯಾರೆಂದು ಇನ್ನೂ ಸಿಕ್ಕಿಲ್ಲ! ಫಾಂಗ್ ನನಗೆ ಬೇಕಾದ ಮಾತುಗಳನ್ನೆಲ್ಲ ಚೀಟಿಗಳಲ್ಲಿ ಬರೆದುಕೊಟ್ಟಿದ್ದಾಳೆ. ಊಟಕ್ಕೊಂದು, ‘ಈತ ಮಾಂಸ ತಿನ್ನುವುದಿಲ್ಲ, ಮೊಟ್ಟೆಯನ್ನೂ ತಿನ್ನುವುದಿಲ್ಲ, ದಯವಿಟ್ಟು ಬೇಸರಿಸಬೇಡಿ.’ ಟ್ಯಾಕ್ಸಿಗೊಂದು, ಕ್ಷೌರಕ್ಕೊಂದು, ಲಾಂಡ್ರಿಗೊಂದು, ಔಷಧದ ಅಂಗಡಿಗೊಂದು, ಸ್ಟೇಶನ್ನಿಗೊಂದು. ಎಲ್ಲ ಒಂದೇ ನೋಟ್‌ಬುಕ್ಕಿನ ಗೆರೆ ಹಾಳೆ. ಅಂಗಿ ಜೇಬು ಸದಾ ಉಬ್ಬಿರುತ್ತದೆ. ಬಾಯಿ ಮುಚ್ಚಿಕೊಂಡು ಚೀಟಿ ಚಾಚುವುದು, ಅಷ್ಟೇ ನನ್ನ ಸಂಸಾರ.

ನಿನ್ನೆ ನಿನ್ನ ಕಾಗದ ಮುಟ್ಟಿದ ಕೂಡಲೇ ಸ್ಟೇಶನ್ನಿಗೆ ಹೋದೆ. ಟಿಕೆಟ್ ಕಿಟಕಿ ಸೊಂಟದ ಮಟ್ಟದಲ್ಲಿದೆ, ಟಿಕೆಟ್ ಬೇಕೆಂದವರೆಲ್ಲ ಬಗ್ಗಿ ನಮಸ್ಕಾರ ಮಾಡಿದಂತೆ ನಿಲ್ಲಬೇಕು. ಹಿಂದಿನವರ ಕೈಗಳೆಲ್ಲ ನನ್ನ ಹೆಗಲ ಮೇಲಿಂದ ಒಳಗೆ ಹೋಗುತ್ತಿದ್ದವು. ನಾನು ಚೀಟಿ ಕೊಟ್ಟೆ. ಒಳಗಿನ ಹೆಂಗಸು ಓದಿ, ಚೀಟಿ ಹೊರಗೆ ತಳ್ಳಿ, “ಮೇ ಯೋ” ಎಂದಳು. ಇಲ್ಲ ಎಂದರ್ಥ. ಈ ದೇಶದಲ್ಲಿ ಮೊದಲು ಕಲಿಯುವ ಮಾತು ಇದೇ. ಆಮೇಲೆ ಫಾಂಗ್ ತಿಳಿಸಿ ಹೇಳಿದಳು, ರೈಲು ಹೊರಡುವ ನಾಲ್ಕು ದಿನ ಮೊದಲಷ್ಟೇ ಟಿಕೆಟ್ ಮಾರುತ್ತಾರಂತೆ. ಅದರ ಮೇಲೆ ಅವರ ಹೊಸ ವರ್ಷದ ಹಬ್ಬ ಬೇರೆ, ಇಡೀ ದೇಶವೇ ಊರಿಗೆ ಹೊರಟಿದೆ.

ಚಿಂತೆ ಮಾಡಬೇಡ. ಹೊತ್ತಿಗೆ ಸರಿಯಾಗಿ ಎಲ್ಲ ಆಗುತ್ತದೆ. ಭೂಮಿಕಾಗೆ ಮುತ್ತು.

ನಿನ್ನ, ಪ್ರವೀಣ

*

ಮ್ಯಾನ್‌ಹೈಮ್
೨೬ ಜನವರಿ ೨೦೦೩

ಭೂಮಿಕಾನ ಅಪ್ಪಾಜಿಯವರಿಗೆ,

ನಾಲ್ಕು ದಿನ ಮೊದಲು ಎಂದರೆ ನಾಲ್ಕು ದಿನ ಮೊದಲು. ನಾನೇ ಲೆಕ್ಕ ಹಾಕಿದ್ದೇನೆ. ಹದಿನಾರಕ್ಕೆ ರೈಲು ಹತ್ತಿದರೆ ಹದಿನೆಂಟಕ್ಕೆ ವಿಮಾನ, ಹತ್ತೊಂಬತ್ತಕ್ಕೆ ಮನೆ. ಹನ್ನೆರಡರ ಬೆಳಿಗ್ಗೆ ಕಿಟಕಿ ತೆಗೆಯುವ ಮೊದಲೇ ಅದರ ಮುಂದೆ ನಿಂತಿರಿ. ಫಾಂಗ್‌ಳನ್ನೇ ಕರೆದುಕೊಂಡು ಹೋಗಿ. ಬಾಯಿದ್ದವಳು ಜೊತೆಗಿರುವಾಗ ಚೀಟಿ ಯಾಕೆ?

‘ಸ್ವಲ್ಪ ಅವಸರವಾಯಿತೇನೋ’ ಎಂದು ಬರೆದದ್ದನ್ನು ನಾನು ಓದಲಿಲ್ಲ ಎಂದುಕೊಳ್ಳಬೇಡಿ. ಯಾರ ಅವಸರ? ಒಂದು ವರ್ಷ ಈ ಎರಡು ಕೋಣೆಯಲ್ಲಿ ಕೂತಿದ್ದೇನೆ. ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರು, ಬ್ಯಾಂಕಿನಲ್ಲಿ ನಿಮ್ಮ ಹೆಸರು, ಕೆಳಗೆ ಟಪಾಲು ಪೆಟ್ಟಿಗೆಯ ಮೇಲೂ ನಿಮ್ಮದೇ. ಪೋಸ್ಟಿನವನು ನನ್ನ ಲ್ಯಾಬಿನ ಪತ್ರವನ್ನು ವಾಪಸು ಒಯ್ಯುತ್ತಿದ್ದ, ಓಡಿಹೋಗಿ ಹಿಡಿದೆ.

ಅವ್ವಾರಿಗೆ ಫೋನ್ ಮಾಡಿ ನಾನೇ ಹೇಳಿದೆ. “ಮಾಡವ್ವಾ ತಂಗಿ, ಆ ಥಂಡ್ಯಾಗ ಒಬ್ಬಾಕೀನ ಕುಂತು ಏನ್ ಮಾಡ್ತೀ” ಅಂದರು. ಅವರ ಹೆಸರನ್ನು ನಡುವೆ ತರಬೇಡಿ.

ಚೀನಾದ ಕಿಟಕಿ ಬಹಳ ಕಠಿಣ ಎಂದು ಬರೆದಿದ್ದೀರಿ. ನಾನು ಸಂದರ್ಶನಕ್ಕೆ ಹೋಗಲು ಇಲ್ಲಿಯ ಸ್ಟೇಶನ್ನಿನ ಕಿಟಕಿಯಲ್ಲಿ ಮೂರು ಸಲ ತಪ್ಪು ಮಾತಾಡಿ, ಹಿಂದಿನವರಿಂದ ಬೈಸಿಕೊಂಡು, ನಾಲ್ಕನೇ ಸಲಕ್ಕೆ ಟಿಕೆಟ್ ತೆಗೆದಿದ್ದೇನೆ. ನೀವು ಎರಡು ವರ್ಷ ಇಲ್ಲಿದ್ದೂ ಬೇಕರಿಯಲ್ಲಿ ಬ್ರೆಡ್ಡಿಗೆ ಬೆರಳು ತೋರಿಸುತ್ತೀರಿ. ಅದನ್ನು ನಾನು ಯಾವತ್ತೂ ಆಡಿ ತೋರಿಸಿರಲಿಲ್ಲ. ಈಗ ಬರೆದಿದ್ದೇನೆ, ಬೇಕಾದರೆ ಸಿಟ್ಟಾಗಿ. ಆದರೆ ಟಿಕೆಟ್ ತೆಗೆದು ಸಿಟ್ಟಾಗಿ.

ಜಯಾ

*

ಶಿಯೆನ್
೪ ಫೆಬ್ರವರಿ ೨೦೦೩

ಪ್ರೀತಿಯ ಜಯಾ,

ನಿನ್ನ ಕಾಗದ ಹಬ್ಬದ ದಿನವೇ ಮುಟ್ಟಿತು. ಹೊರಗೆ ಪಟಾಕಿ, ಒಳಗೆ ನಿನ್ನ ಪತ್ರ.

ಜಯಾ, ನಾನು ಇಲ್ಲಿ ಪಡುತ್ತಿರುವ ಪಾಡು ನಿನಗೆ ಗೊತ್ತಿಲ್ಲ. ಹನ್ನೆರಡರತನಕ ಕಾಯದೆ ಈಗಲೇ ಬೇಡಿ ನೋಡೋಣವೆಂದು ಮೂರು ದಿನ, ಬೆಳಿಗ್ಗೆ ಆರಕ್ಕೆ ಹಿಮದಲ್ಲಿ ನಿಂತಿದ್ದೇನೆ. ಫಾಂಗ್ ಹಬ್ಬಕ್ಕೆ ತನ್ನೂರಿಗೆ ಹೋಗಿದ್ದಾಳೆ, ನಾನೂ ನನ್ನ ಚೀಟಿಯೂ ಇಬ್ಬರೇ. ಮೊದಲ ದಿನ ನನ್ನ ಸರದಿ ಬರುವಷ್ಟರಲ್ಲಿ ಕಿಟಕಿ ಮುಚ್ಚಿತು. ಎರಡನೇ ದಿನ ಮೇ ಯೋ. ಮೂರನೇ ದಿನ ಆ ಹೆಂಗಸು ನನ್ನ ಚೀಟಿಯನ್ನು ಓದಲೂ ಇಲ್ಲ, ಮುಖ ನೋಡಿಯೇ ಮೇ ಯೋ ಎಂದಳು. ಹದಿನೈದು ದಿನ ಮೊದಲೇ ಸ್ಥಿತಿ ಹೀಗಿದ್ದರೆ ಮುಂದೆ ಹೇಗೋ ದೇವರೇ ಬಲ್ಲ. ಕಾಲು ಮರಗಟ್ಟಿ ಔಷಧ ಹಚ್ಚಿಕೊಳ್ಳುತ್ತಿದ್ದೇನೆ.

ನೀನು ನಂಬುವುದಿಲ್ಲ ಎಂದು ಗೊತ್ತು. ಅದಕ್ಕೇ ಆ ಚೀಟಿಯನ್ನೇ ಇದರ ಜೊತೆ ಇಟ್ಟಿದ್ದೇನೆ, ನೋಡು. ಮೂರು ದಿನ ಕೈಯಲ್ಲಿ ಹಿಡಿದು ಹಿಡಿದು ಅಂಚು ಹೇಗೆ ಸವೆದಿದೆ! ಫಾಂಗ್ ಬಂದ ಮೇಲೆ ಹೊಸದು ಬರೆಸಿಕೊಳ್ಳುತ್ತೇನೆ. ಗಂಡ ಹೆಂಡತಿಯ ನಡುವೆ ಸಾಕ್ಷಿ ಬೇಕಾದ ಕಾಲ ಬಂತಲ್ಲ ಎಂದು ಬೇಸರ.

ಆ ಟರ್ಮಿನ್ ಮುಂದೆ ಹಾಕಲು ಬರುತ್ತದೆಯೇ ಎಂದು ಒಂದು ಮಾತು ಕೇಳಿ ನೋಡು. ಲ್ಯಾಬು ಇದಲ್ಲದಿದ್ದರೆ ಇನ್ನೊಂದು.

ನಿನ್ನ, ಪ್ರವೀಣ

*

ಮ್ಯಾನ್‌ಹೈಮ್
೯ ಫೆಬ್ರವರಿ ೨೦೦೩

ಪ್ರವೀಣಕುಮಾರನಿಗೆ,

ನಿನ್ನ ಸಾಕ್ಷಿ ಮುಟ್ಟಿತು.

ಅದನ್ನು ನೋಡಿ ನಿನ್ನೆ ನಾನು ಅತ್ತೆ. ಮೊದಲು ಅದನ್ನು ಬರೆಯುತ್ತೇನೆ, ನಿನಗೆ ಗೊತ್ತಿರಲಿ. ಹಿಮದಲ್ಲಿ ನಿಂತ ಮನುಷ್ಯನಿಗೆ ಬೇಕರಿ, ಬೆರಳು ಎಂದೆಲ್ಲ ಬರೆದೆನಲ್ಲ, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳಲಿ ಎಂದುಕೊಂಡೆ. ಮತ್ತೆ ಯೋಚನೆ ಮಾಡಿದೆ, ಚೀಟಿಯಲ್ಲಿ ಬೀಜಿಂಗ್ ಬದಲು ಬೇರೆ ಯಾವುದಾದರೂ ದಾರಿ, ವುಹಾನೋ ಮತ್ತೊಂದೋ ಬರೆದರೆ ಟಿಕೆಟ್ ಸಿಕ್ಕೀತು, ಯಾರಾದರೂ ಬಲ್ಲವರಿಂದ ಇಲ್ಲೇ ಬರೆಸಿ ಕಳಿಸೋಣ ಎಂದು. ಅಕ್ಕಿ ತರುವ ಏಷಿಯಾ ಅಂಗಡಿಯ ಚೀನೀ ಹೆಂಗಸು ಫ್ರೌ ಲಿನ್ ಹತ್ತಿರ ಒಯ್ದೆ. ನಿನಗೆ ಸಹಾಯ ಮಾಡಲು ಹೋದೆ, ತಿಳಿಯಿತೆ? ನಿನ್ನನ್ನು ಹಿಡಿಯಲು ಅಲ್ಲ.

ಆಕೆ ಕನ್ನಡಕ ಹಾಕಿಕೊಂಡು ಓದಿದಳು. ನಕ್ಕಳು. ಒಳಗಿನಿಂದ ಗಂಡನನ್ನು ಕರೆದಳು, ಅವನೂ ಓದಿ ನಕ್ಕ. “ನಿಮ್ಮ ಗಂಡ ಅಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದಾರಾ?” ಎಂದು ಜರ್ಮನ್‌ನಲ್ಲಿ ಕೇಳಿದಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಒಂದೊಂದೇ ಸಾಲು ಓದಿ ಹೇಳಿದಳು.

‘ಬಿಳಿ ಅಂಗಿ ನಾಲ್ಕು, ಪ್ಯಾಂಟು ಎರಡು. ಕಾಲರ್ ಚೆನ್ನಾಗಿ ಉಜ್ಜಿ. ಗಂಜಿ ಹಾಕಬೇಡಿ. ಶುಕ್ರವಾರಕ್ಕೆ ಬೇಕು.’

ಆರು ವರ್ಷ ನಿನ್ನ ಕಾಲರ್ ಉಜ್ಜಿದವಳು ನಾನು. ಗಂಜಿ ಹಾಕಬಾರದೆಂದು ನನಗೂ ಗೊತ್ತು. ಅದನ್ನು ನನಗೇ ಚೀನೀ ಭಾಷೆಯಲ್ಲಿ ಬರೆಸಿ ಕಳಿಸುವ ಅಗತ್ಯವಿರಲಿಲ್ಲ. ಅಕ್ಕಿ ಅಲ್ಲೇ ಬಿಟ್ಟು ಬಂದೆ, ಫ್ರೌ ಲಿನ್ ಹಿಂದೆ ಓಡಿಬಂದು ಚೀಲ ಕೈಗಿಟ್ಟು, ದುಡ್ಡು ಬೇಡ ಎಂದಳು. ಅವಳು ನನಗೆ ಮರುಕ ತೋರಿಸುವಂತೆ ಮಾಡಿದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ.

ಎಲ್ಲಿ ನಿಂತಿದ್ದೆ ನೀನು ಮೂರು ದಿನ? ಲಾಂಡ್ರಿಯ ಮುಂದೆಯೆ?

ಇಪ್ಪತ್ತನೇ ತಾರೀಖು, ಎಂಟೂ ನಲವತ್ತು. ಇನ್ನೂ ಹೊತ್ತಿದೆ. ಬಾ. ಬಂದರೆ ಜಗಳವಾಡುತ್ತೇನೆ, ಬಾರದಿದ್ದರೆ ಅದನ್ನೂ ಆಡುವುದಿಲ್ಲ.

ಜಯಾ

*

ಶಿಯೆನ್
೧೪ ಫೆಬ್ರವರಿ ೨೦೦೩

ಜಯಾ,

ನನ್ನನ್ನು ಹೆಸರು ಹಿಡಿದು, ಏಕವಚನದಲ್ಲಿ ಬರೆದಿದ್ದೀ. ಆರು ವರ್ಷದಲ್ಲಿ ಮೊದಲ ಸಲ. ಓದಿದ ಮೇಲೆ ಇಡೀ ದಿನ ಊಟ ಸೇರಲಿಲ್ಲ.

ಚೀಟಿ ಅದಲುಬದಲಾಗಿದೆ, ಅಷ್ಟೇ. ಎಲ್ಲ ಒಂದೇ ನೋಟ್‌ಬುಕ್ಕಿನ ಹಾಳೆ ಎಂದು ನಾನೇ ಮೊದಲು ಬರೆದಿರಲಿಲ್ಲವೆ? ಲಾಂಡ್ರಿಯ ಚೀಟಿಯನ್ನೇ ಮೂರು ದಿನ ಟಿಕೆಟ್ ಕಿಟಕಿಗೆ ಕೊಟ್ಟಿದ್ದೇನೆ. ಆ ಹೆಂಗಸು ಮುಸಿಮುಸಿ ನಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ಇದರಲ್ಲಿ ನನ್ನ ತಪ್ಪೇನು? ಓದಲು ಬಾರದ ಊರಿನಲ್ಲಿ ಒಬ್ಬನೇ ಇದ್ದೇನೆ. ನೀನು ಮರುಗುವ ಬದಲು ನನ್ನ ಚೀಟಿಯನ್ನು ಅಕ್ಕಿ ಅಂಗಡಿಗೆ ಒಯ್ದು, ಪರಕೀಯರ ಮುಂದೆ ಓದಿಸಿ ನನ್ನನ್ನು ನಗೆಪಾಟಲು ಮಾಡಿದ್ದೀ. ನಾಲ್ಕು ಅಕ್ಷರ ಜರ್ಮನ್ ಬಂದ ಕೂಡಲೇ ಗಂಡ ಇಷ್ಟು ಹಗುರವಾದನೆ?

ಫಾಂಗ್ ಇವತ್ತು ಬಂದಿದ್ದಾಳೆ. ಸರಿಯಾದ ಚೀಟಿ ಹಿಡಿದು ನಾಳೆಯೇ ಹೋಗುತ್ತೇನೆ. ಹತ್ತೊಂಬತ್ತಕ್ಕೆ ಬಾಗಿಲಲ್ಲಿ ಇರುತ್ತೇನೆ. ಆಮೇಲೆ ನೀನು ಬರೆದದ್ದನ್ನೆಲ್ಲ ನಿನಗೇ ಓದಿ ಹೇಳುತ್ತೇನೆ.

ಪ್ರವೀಣ

*

ಶಿಯೆನ್
೨೩ ಫೆಬ್ರವರಿ ೨೦೦೩

ಜಯಾ,

ನಿನ್ನ ಕಾಗದವಿಲ್ಲ. ಫೋನ್ ಹತ್ತು ಸಲ ಮಾಡಿದೆ, ಎತ್ತಲಿಲ್ಲ. ಇಪ್ಪತ್ತನೇ ತಾರೀಖು ಏನಾಯಿತು? ಅದೊಂದನ್ನು ತಿಳಿಸು.

ನಾನೇ ಹೇಳಿಬಿಡುತ್ತೇನೆ. ಮೂರು ದಿನ ನಾನು ಎಲ್ಲೂ ನಿಂತಿರಲಿಲ್ಲ. ಜನವರಿ ಇಪ್ಪತ್ತೆರಡಕ್ಕೆ ಇಲ್ಲಿಯ ಕೆಲಸ ಮೇ ತಿಂಗಳತನಕ ಮುಂದುವರಿಸುತ್ತೀಯಾ ಎಂದು ಕೇಳಿದರು. ಆಗುವುದಿಲ್ಲ ಎನ್ನಬಹುದಿತ್ತು, ಯಾರೂ ಒತ್ತಾಯ ಮಾಡಲಿಲ್ಲ. ನಾನು ಸಹಿ ಹಾಕಿದೆ. ಮೊದಲ ಕಾಗದ ಬರೆದಾಗ ಸುಳ್ಳಿರಲಿಲ್ಲ. ಆಮೇಲಿನದೆಲ್ಲ ಸುಳ್ಳು. ನೀನು ನಂಬಲೆಂದು ಜೇಬಿನಿಂದ ಸ್ಟೇಶನ್ನಿನ ಚೀಟಿ ಎಂದುಕೊಂಡು ಒಂದನ್ನು ತೆಗೆದು ಕಳಿಸಿದೆ. ಯಾವುದು ಯಾವುದೆಂದು ನನಗೇ ಗೊತ್ತಾಗಲಿಲ್ಲ. ಸುಳ್ಳು ಹೇಳಲಿಕ್ಕೂ ಓದಲು ಬರಬೇಕು.

ಯಾಕೆ ಎಂದು ಕೇಳುತ್ತೀ. ಮ್ಯಾನ್‌ಹೈಮಿನ ಮೀಟಿಂಗಿನಲ್ಲಿ ಎಲ್ಲರೂ ನಕ್ಕರೆ ನಾನೂ ನಗುತ್ತೇನೆ, ಯಾಕೆಂದು ಗೊತ್ತಿರುವುದಿಲ್ಲ. ಇಲ್ಲಿ ನಾನು ಜರ್ಮನಿಯಿಂದ ಬಂದ ಸಾಹೇಬ. ಭಾಷೆ ಬಾರದಿದ್ದರೆ ಯಾರೂ ನನ್ನನ್ನು ದಡ್ಡ ಎನ್ನುವುದಿಲ್ಲ, ಓಡಿಬಂದು ಚೀಟಿ ಬರೆದುಕೊಡುತ್ತಾರೆ. ಅಲ್ಲಿ ನೀನು ಕಿಟಕಿ ಕಿಟಕಿಯಲ್ಲಿ ನಿಂತು ಆ ಭಾಷೆಯಲ್ಲಿ ಜಗಳವಾಡಿ ಗೆದ್ದು ಬರುತ್ತೀ. ನನಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ನಿನ್ನ ಲ್ಯಾಬಿನ ಸುದ್ದಿ ಓದಿದಾಗ ಮೊದಲು ಬಂದದ್ದು ಸಿಟ್ಟೇ.

ನಿನ್ನ ಕಾಗದ ಓದಿದ ಮೇಲೆ ನಿಜವಾಗಿಯೂ ಹೋದೆ. ಹದಿನೈದಕ್ಕೆ, ಹದಿನಾರಕ್ಕೆ, ಫಾಂಗ್‌ಳನ್ನು ಜೊತೆಗೆ ಕರೆದುಕೊಂಡೇ ಹೋದೆ. ಹಬ್ಬ ಮುಗಿಸಿ ಇಡೀ ದೇಶ ಕೆಲಸಕ್ಕೆ ವಾಪಸು ಹೊರಟಿತ್ತು. ನಿಂತೇ ಹೋಗುತ್ತೇನೆ, ಆ ಟಿಕೆಟ್ಟಾದರೂ ಕೊಡಿ ಎಂದು ಫಾಂಗ್ ಬೇಡಿಕೊಂಡಳು. ಮೇ ಯೋ. ಯಾವ ಸುಳ್ಳನ್ನು ನಿನಗೆ ಬರೆದಿದ್ದೆನೋ ಅದೇ ಅಕ್ಷರಶಃ ನಡೆಯಿತು. ಹಿಮ ಕೂಡ ಬೀಳುತ್ತಿತ್ತು. ಇದನ್ನು ನೀನು ನಂಬಬೇಕು ಎಂದು ಯಾವ ಬಾಯಿಂದ ಹೇಳಲಿ?

ತಪ್ಪಾಯಿತು ಜಯಾ.

ಪ್ರವೀಣ

*

ಕಾರ್ಲ್ಸ್‌ರುಹೆ
೨ ಮಾರ್ಚ್ ೨೦೦೩

ಭೂಮಿಕಾನ ಅಪ್ಪಾಜಿಯವರಿಗೆ,

ಮತ್ತೆ ಬಹುವಚನ. ಸಿಟ್ಟು ಇಳಿಯಿತು ಎಂದುಕೊಳ್ಳಬೇಡಿ. ಏಕವಚನದಲ್ಲಿ ಬೈಯಲು ಸಲಿಗೆ ಬೇಕು.

ಇಪ್ಪತ್ತನೇ ತಾರೀಖು ಏನಾಯಿತು ಎಂದು ಕೇಳಿದ್ದೀರಿ. ಹತ್ತೊಂಬತ್ತರ ಇಡೀ ದಿನ ಅಡುಗೆಮನೆಯ ಕಿಟಕಿಯಿಂದ ಟ್ರಾಮ್ ಸ್ಟಾಪ್ ನೋಡಿದೆ. ನಂಬದಿದ್ದರೂ ನೋಡಿದೆ, ಆ ಮೂರ್ಖತನ ನನ್ನದು. ರೊಟ್ಟಿ ಕೂಡ ಬಡಿದಿಟ್ಟಿದ್ದೆ.

ಮರುದಿನ ಭೂಮಿಕಾನ ಕೈ ಹಿಡಿದು ಹೋದೆ. ಮೇಜಿನ ಹಿಂದಿನ ಹೆಂಗಸು, ಗಂಡ ಎಲ್ಲಿ ಎಂದಳು. ಏನು ಹೇಳಬೇಕೆಂದು ರಾತ್ರಿಯೆಲ್ಲ ಜರ್ಮನ್‌ನಲ್ಲಿ ಜೋಡಿಸಿದ್ದೆ: ಚೀನಾ, ಹಬ್ಬ, ಹಿಮ, ರೈಲು. ಅಷ್ಟುದ್ದದ ಸುಳ್ಳು ಬಾಯಿಗೆ ಬರಲಿಲ್ಲ. “ಮೈನ್ ಮನ್ ಕೊಮ್ಟ್ ನಿಷ್ಟ್” ಎಂದೆ. ನನ್ನ ಗಂಡ ಬರುವುದಿಲ್ಲ. ಆ ಮಾತನ್ನು ನಾನು ಯಾವುದೇ ಭಾಷೆಯಲ್ಲಿ ಹೇಳಿದ್ದು ಅದೇ ಮೊದಲು. ಹೇಳಿ ಮುಗಿದ ಮೇಲೆ ಎದೆ ಹಗುರಾಯಿತು.

ಆಕೆ ನನ್ನನ್ನು ಹೊರಗೆ ಕೂರಿಸಿ ನಿಮ್ಮ ಕಂಪನಿಗೆ ಫೋನ್ ಮಾಡಿದಳು. ನಿಮ್ಮ ನೌಕರಿ ಇನ್ನೂ ಇದೆ ಎಂಬುದಕ್ಕೆ ಕಾಗದ ಬೇಕಿತ್ತಂತೆ. ಅರ್ಧ ಗಂಟೆಗೆ ಫ್ಯಾಕ್ಸ್ ಬಂತು. ನನ್ನ ಮುಂದೆ ಇಟ್ಟು, ಇದು ನಿಮ್ಮ ಗಂಡನ ಸಹಿಯೇ ಎಂದು ಕೇಳಿದಳು. ಮೇ ಮೂವತ್ತೊಂದರವರೆಗೆ ಚೀನಾದಲ್ಲಿ ಕೆಲಸ. ಸಹಿ ಹಾಕಿದ್ದು ಜನವರಿ ಇಪ್ಪತ್ತೆರಡಕ್ಕೆ. ಹೌದು, ಇವರದ್ದೇ ಎಂದೆ. ನಿಮ್ಮ ತಪ್ಪೊಪ್ಪಿಗೆ ನನಗೆ ಮುಟ್ಟುವಷ್ಟರಲ್ಲಿ ಎಂಟು ದಿನ ಹಳಸಿತ್ತು.

ಇನ್ನೊಂದು ಕೇಳಿ, ನಿಮಗೆ ಖುಷಿಯಾಗಬಹುದು. ಗಂಡ ಕಂಪನಿಯ ಕೆಲಸದ ಮೇಲೆಯೇ ಹೊರಗಿದ್ದಾರೆ, ಖುದ್ದು ಸಹಿಯ ಬದಲು ಇದು ಸಾಕು ಎಂದು ಆ ಫ್ಯಾಕ್ಸನ್ನೇ ಫೈಲಿಗೆ ಸೇರಿಸಿ ನನಗೆ ಮೂರು ತಿಂಗಳ ವೀಸಾ ಕೊಟ್ಟಳು, ಕೆಲಸದ ಪರವಾನಗಿಯ ಮುದ್ರೆಯನ್ನೂ ಒತ್ತಿದಳು. ನನಗೆ ತಿಳಿಯದಂತೆ ನೀವು ಹಾಕಿದ ಸಹಿಯೇ ನನ್ನ ಕೆಲಸ ಉಳಿಸಿತು. ನಿಮ್ಮ ಸಹಾಯ ಇಷ್ಟೇ. ಇದಕ್ಕೆ ನಾನು ಋಣಿಯಾಗುವುದಿಲ್ಲ.

ಮಲ್ಲಿಕಾರ್ಜುನನಿಗೆ ಜನವರಿಯಲ್ಲೇ ಗೊತ್ತಿತ್ತು. ನೀವು ಹೇಳಬೇಡ ಅಂದಿದ್ದಿರಂತೆ. ಪ್ರತಿ ವಾರ ನನ್ನ ಮನೆಯ ಚಹಾ ಕುಡಿದು ಕಾಗದ ಒಯ್ದ. ಮೊನ್ನೆ ನಿಮ್ಮ ಕಾಗದ ತಂದವನು, “ನಾ ಏನ್ ಮಾಡ್ಲಿ ವೈನಿ, ಅವ್ರೂ ನನ್ನವ್ರ, ನೀವೂ ನನ್ನವ್ರ” ಎಂದ. ಮನೆ ಬಿಡುವಾಗ ನನ್ನ ಪೆಟ್ಟಿಗೆಗಳನ್ನು ಅವನ ಕೈಲೇ ಸ್ಟೇಶನ್‌ತನಕ ಹೊರಿಸಿದೆ. ಅಷ್ಟು ಶಿಕ್ಷೆ ಸಾಕು ಅವನಿಗೆ.

ಲ್ಯಾಬಿನ ಹತ್ತಿರ ಒಂದು ಕೋಣೆ ಹಿಡಿದಿದ್ದೇನೆ. ಭೂಮಿಕಾಗೆ ಮಧ್ಯಾಹ್ನದವರೆಗಿನ ಕಿಂಡರ್‌ಗಾರ್ಟನ್ ಸಿಕ್ಕಿದೆ, ಆಮೇಲೆ ಕೆಳಮನೆಯ ಅಜ್ಜಿ ನೋಡಿಕೊಳ್ಳುತ್ತಾರೆ. ನಾಳೆ ಏಳೂವರೆಗೆ ನನ್ನ ಕೆಲಸ ಶುರು. ಟಪಾಲು ಪೆಟ್ಟಿಗೆಯ ಮೇಲೆ ನನ್ನ ಹೆಸರಿದೆ. ಮ್ಯಾನ್‌ಹೈಮಿನ ಮನೆಯಲ್ಲಿ ನಿಮ್ಮ ಅಂಗಿಗಳೆಲ್ಲ ಒಗೆದು ಇಟ್ಟಿವೆ. ಎಲ್ಲಕ್ಕೂ ಗಂಜಿ ಹಾಕಿದ್ದೇನೆ, ಕತ್ತು ಕೆರೆದಾಗೆಲ್ಲ ನೆನಪಾಗಲಿ.

ಹದಿನೈದು, ಹದಿನಾರಕ್ಕೆ ನಿಜವಾಗಿಯೂ ನಿಂತಿದ್ದೆ ಎಂದು ಬರೆದಿದ್ದೀರಿ. ನಂಬಿದ್ದೇನೆ. ಯಾಕೆಂದು ಕೇಳಬೇಡಿ. ಈ ಸಲ ನೀವು ಸಾಕ್ಷಿ ಕಳಿಸಿಲ್ಲ, ಅದಕ್ಕಿರಬೇಕು. ಆದರೆ ನಂಬಿದ್ದೇನೆ ಎಂದರೆ ಕ್ಷಮಿಸಿದ್ದೇನೆ ಎಂದಲ್ಲ.

ಮಗು ಪಪ್ಪಾ ಯಾವಾಗ ಎಂದು ಕೇಳುತ್ತಾಳೆ, ಜರ್ಮನ್‌ನಲ್ಲಿ. ಅವಳಿಗೋಸ್ಕರ ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ನಿಮಗೆ ಅಭ್ಯಾಸವಾಗಿದೆಯಲ್ಲ. ಬೇರೆಯವುಗಳ ಜೊತೆ ಜೇಬಿಗೆ ಸೇರಿಸಬೇಡಿ. ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲಿನ ಕಿಟಕಿಗೆ ಕೊಡಿ. ಕಾರ್ಲ್ಸ್‌ರುಹೆಗೆ, ಒಬ್ಬರಿಗೆ, ಎರಡನೇ ದರ್ಜೆ ಎಂದು ಬರೆದಿದ್ದೇನೆ. ಸಂಶಯವಿದ್ದರೆ ಯಾರಿಂದಲಾದರೂ ಓದಿಸಿ, ಒಂದಕ್ಷರ ಸುಳ್ಳಿಲ್ಲ.

ಕಿಟಕಿಯವರು ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತಾರೆ, ಎಲ್ಲರನ್ನೂ ಕೇಳುತ್ತಾರೆ: ಬರೀ ಹೋಗಲಿಕ್ಕೋ, ಹೋಗಿ ವಾಪಸು ಬರಲಿಕ್ಕೋ? ಅದರ ಉತ್ತರವನ್ನು ನಾನು ಚೀಟಿಯಲ್ಲಿ ಬರೆದಿಲ್ಲ. ಅದೊಂದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಮೇ ತಿಂಗಳತನಕ ಹೊತ್ತಿದೆ, ಕಲಿಯಿರಿ.

ಜಯಾ